ಕರಡಿಗಲ್ಲ, ನಮ್ಮ ತಿಂಡಿಗೆ ಬೀಗ

"ಅಲ್ಲಿನ ಜನ ಎಷ್ಟು ಶಿಸ್ತು ಗೊತ್ತಾ?" ಅಮೆರಿಕದಿಂದ ರಜೆಗೆ ಬಂದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ನಾನೂ ಕ್ಯಾಲಿಫೋರ್ನಿಯಾದಲ್ಲೇ ಇರುವವನು. ಆದರೆ ಇಲ್ಲಿನ ಯೊಸೆಮಿಟಿ ನ್ಯಾಷನಲ್ ಪಾರ್ಕ್ ನೋಡಿದ ಮೇಲೆ ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಇಂಥ ಪಾರ್ಕುಗಳನ್ನು ನೋಡಿಕೊಳ್ಳುವ ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ಶುರುವಾಗಿದ್ದು 1916ರಲ್ಲಿ. ಆಮೇಲಿನ ಎರಡು ದಶಕ ಯೊಸೆಮಿಟಿಯಲ್ಲಿ ನಡೆದದ್ದೇನು ಗೊತ್ತಾ? ರಾತ್ರಿ ಹೊತ್ತು ದೀಪ ಹಾಕಿ, ಕರಡಿಗಳಿಗೆ ಹೋಟೆಲಿನ ಎಂಜಲು ಸುರಿದು, ಪ್ರವಾಸಿಗರಿಗೆ ತಮಾಷೆ ತೋರಿಸುತ್ತಿದ್ದರು. ಯೆಲ್ಲೋಸ್ಟೋನ್ ಅನ್ನುವ ಇನ್ನೊಂದು ಪಾರ್ಕಿನಲ್ಲಂತೂ ಕೂತು ನೋಡಲು ಬೆಂಚಿನ ಸಾಲೇ ಇತ್ತು. 1940ರ ಸುಮಾರಿಗೆ ಈ ಆಟ ನಿಂತಿತು. ಕರಡಿಯ ನಾಲಿಗೆಗೆ ಹತ್ತಿದ ರುಚಿ ಮಾತ್ರ ಬಿಡಲಿಲ್ಲ. 1998 ಒಂದೇ ವರ್ಷ ಯೊಸೆಮಿಟಿಯಲ್ಲಿ ಸಾವಿರಕ್ಕೂ ಜಾಸ್ತಿ ಕಾರುಗಳನ್ನು ಅವು ಒಡೆದು ಹಾಕಿದವು, ಒಳಗಿದ್ದ ತಿಂಡಿಗಾಗಿ. ಹೀಗೆ ಜನರ ಭಯ ಬಿಟ್ಟ ಎಷ್ಟೋ ಕರಡಿಗಳನ್ನು ಕೊನೆಗೆ ಕೊಲ್ಲಬೇಕಾಯಿತು.

ಈಗ ಅಲ್ಲಿ ಟೆಂಟ್ ಹಾಕುವ ಪ್ರತಿ ಜಾಗದಲ್ಲೂ ಕಂದು ಬಣ್ಣದ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಕರಡಿಯ ಪಂಜಕ್ಕೆ ಬಗ್ಗದ ಚಿಲಕ. ಪುಳಿಯೋಗರೆ, ಕೋಡುಬಳೆ, ಚಟ್ನಿಪುಡಿ ಎಲ್ಲ ಅದರೊಳಗೇ ಇಡಬೇಕು. ರಾತ್ರಿ ಕಾರಿನಲ್ಲಿ ಒಂದು ಬಿಸ್ಕೆಟ್ ಪ್ಯಾಕೆಟ್ಟೂ ಇರಬಾರದು. ವಾಸನೆ ಬರುವ ಸೋಪು, ಟೂತ್‌ಪೇಸ್ಟ್ ಕೂಡ ಪೆಟ್ಟಿಗೆಗೇ. ಊರಿಂದ ಬಂದಿದ್ದ ನಮ್ಮ ಅತ್ತೆಯವರು ಕೇಳಿದರು: "ಕೊಬ್ಬರಿ ಎಣ್ಣೆನೂ ಇಡ್ಬೇಕೇನಪ್ಪಾ? ಕರಡಿ ತಲೆಗೆ ಹಚ್ಕೊಳ್ಳುತ್ತಾ?" ನಗು ಬಂತು, ಆದರೂ ಬಾಟಲಿ ಪೆಟ್ಟಿಗೆಯೊಳಗೆ ಹೋಯಿತು. ಕತ್ತಲಾದ ಮೇಲೆ ರೇಂಜರ್ ಟಾರ್ಚ್ ಹಿಡಿದು ಬಂದು, ಪ್ರತಿ ಪೆಟ್ಟಿಗೆಯ ಚಿಲಕ ನೋಡಿಕೊಂಡು ಹೋದರು.

ಈ ಏರ್ಪಾಡಿನಿಂದ ಕರಡಿಯ ಹಾವಳಿ ಬಹಳ ಕಡಿಮೆಯಾಗಿದೆ. ಕರಡಿಗೆ ಯಾರೂ ಬುದ್ಧಿ ಹೇಳಲಿಲ್ಲ. ಮನುಷ್ಯರ ಊಟಕ್ಕೆ ಚಿಲಕ ಹಾಕಿದರು, ಅಷ್ಟೇ.

ನಮ್ಮಲ್ಲಿ? ಎಷ್ಟೋ ಬೆಟ್ಟಗಳಲ್ಲಿ "ಕೋತಿಗಳಿಗೆ ತಿಂಡಿ ಕೊಡಬೇಡಿ" ಅನ್ನುವ ಬೋರ್ಡು ಇದೆ. ಅದರ ಬುಡದಲ್ಲೇ ಚುರುಮುರಿ, ಸೌತೆಕಾಯಿ, ಜೋಳ. ಪಕ್ಕದಲ್ಲಿ ಮುಚ್ಚಳವಿಲ್ಲದ ಕಸದ ಡಬ್ಬಿ. ಆಮೇಲೆ ಕೋತಿ ಕೈಚೀಲ ಕಿತ್ತುಕೊಂಡಿತು ಅಂತ ದೂರು! ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಆಸನೂರಿನ ಹತ್ತಿರ, ಆನೆಗಳು ಕಬ್ಬಿನ ಲಾರಿಗೆ ಕಾದು ನಿಲ್ಲುತ್ತವೆ. ಚಾಲಕರು ಎರಡು ಜಲ್ಲೆ ಎಸೆಯುತ್ತಾರೆ, ಜನ ವಿಡಿಯೊ ಮಾಡುತ್ತಾರೆ. ಯೊಸೆಮಿಟಿಯ ಹಳೆಯ ಕರಡಿ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಹಾಗಂತ ಅವರೇ ದೊಡ್ಡವರು ಅಂತಲ್ಲ. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಗ್ರಿಜ್ಲಿ ಅನ್ನುವ ದೊಡ್ಡ ಕಂದು ಕರಡಿ ಇದೆ, ಕಾಡಿನಲ್ಲಿಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲೇ ಎಲ್ಲವನ್ನೂ ಕೊಂದು ಮುಗಿಸಿದರು. ಈಗಿರುವುದು ಕಪ್ಪು ಕರಡಿ ಮಾತ್ರ. ನಮ್ಮವರು ಹುಲಿ, ಆನೆ ಎರಡನ್ನೂ ಊರಿನ ಅಂಚಿನಲ್ಲೇ ಉಳಿಸಿಕೊಂಡಿದ್ದಾರೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ, ಕೆಲವು ಬಸ್ಸು ಮತ್ತು ತುರ್ತು ವಾಹನ ಬಿಟ್ಟರೆ, ಸಂಚಾರ ಬಂದ್. ಯೊಸೆಮಿಟಿಯಲ್ಲಿ ಕರಡಿ ಕಾರಿಗೆ ಸಿಕ್ಕಿದ ಕಡೆ ಕೆಂಪು ಕರಡಿಯ ಚಿತ್ರದ ಫಲಕ ನೆಟ್ಟು "ನಿಧಾನ" ಅನ್ನುತ್ತಾರೆ. ಈ ವಿಷಯದಲ್ಲಿ ಅವರೇ ನಮ್ಮಿಂದ ಕಲಿಯಬೇಕು.

ಇನ್ನು ಆ ಶಿಸ್ತಿನ ಮಾತು. 2018ರ ಕೊನೆಯಲ್ಲಿ ಬಜೆಟ್ ಜಗಳದಿಂದ ಅಮೆರಿಕ ಸರ್ಕಾರದ ಎಷ್ಟೋ ಕಚೇರಿಗಳು 35 ದಿನ ಮುಚ್ಚಿದವು. ಹೆಚ್ಚಿನ ಸಿಬ್ಬಂದಿ ಮನೆಯಲ್ಲಿ, ಪಾರ್ಕಿನ ಗೇಟು ಮಾತ್ರ ತೆರೆದೇ ಇತ್ತು. ಯೊಸೆಮಿಟಿಯಲ್ಲಿ ಕಸ ತುಂಬಿ ಚೆಲ್ಲಾಡಿತು. ಜನ ದಾರಿ ಬದಿಯಲ್ಲೇ ಗಲೀಜು ಮಾಡಿ, ಕೆಲವು ಭಾಗ ಮುಚ್ಚಬೇಕಾಯಿತು. ಅದೇ ಶಿಸ್ತಿನ ಜನ ಅಲ್ವಾ?

ಹಾಗಾಗಿ ನಮ್ಮ ಬೆಟ್ಟಗಳಿಗೆ ಇನ್ನೊಂದು ಬೋರ್ಡು ಬೇಡ. ಚಿಲಕವಿರುವ ಕಸದ ಡಬ್ಬಿ ಇಡಿ, ದಿನಾ ಖಾಲಿ ಮಾಡಿಸಿ. ಚುರುಮುರಿಯವರ ಹೊಟ್ಟೆಗೆ ಹೊಡೆಯದೆ, ಗೇಟಿನ ಆಚೆ ಗಾಡಿ ನಿಲ್ಲಿಸುವಲ್ಲಿ ಅವರಿಗೆ ಜಾಗ ಕೊಡಿ. ಬೆಟ್ಟದ ಮೇಲೆ ಹಗಲಿಡೀ ನಿಂತು ತಿಂಡಿ ಕೊಡಬೇಡಿ ಅಂತ ಹೇಳುವ ಒಬ್ಬರಿಗೆ ದಿನಗೂಲಿ ಬದಲು ಕಾಯಂ ಸಂಬಳ ಕೊಡಿ.