ಎರಡನೇ ಹಂತ ಬರುವವರೆಗೆ ನಾವೇನು ಮಾಡಬೇಕು?

ಚಿಕ್ಕಮಗಳೂರಿನಲ್ಲಿ ಮಳೆ ಯಾವಾಗ ಬರುತ್ತದೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಆದರೂ ನಮ್ಮ ಬಡಾವಣೆಯಲ್ಲಿ ಚರಂಡಿ ಅಗೆಯೋಕೆ ಜೆಸಿಬಿ ಬಂದದ್ದು ಮೇ ಕೊನೆಗೆ.

ಮೊದಲ ಹಂತ ಅಂದರು. ಮೇಲಿನ ಅಡ್ಡರಸ್ತೆಗಳಿಗೆ ಕಾಂಕ್ರೀಟ್ ಚರಂಡಿ ಆಯಿತು. ಕೆಳಗಿನದು ಎರಡನೇ ಹಂತವಂತೆ, ದುಡ್ಡು ಬಂದ ಮೇಲೆ. ಇದೇ ನನಗೆ ಅರ್ಥವಾಗುವುದಿಲ್ಲ. ನೀರು ಹರಿಯುವುದು ಇಳಿಜಾರಿಗೆ ಅಲ್ವಾ? ಮೊದಲು ಕೆಳಗೆ ದಾರಿ ಮಾಡಿಕೊಂಡು ಆಮೇಲೆ ಮೇಲಕ್ಕೆ ಬರಬೇಕು. ಈಗ ಮೇಲಿನ ನೀರೆಲ್ಲ ಹೊಸ ಚರಂಡಿಯಲ್ಲಿ ರಭಸವಾಗಿ ಬಂದು, ಅದು ಮುಗಿಯುವ ಜಾಗದಲ್ಲಿ ರಸ್ತೆಗೆ ನುಗ್ಗುತ್ತದೆ. ಅಲ್ಲಿಂದ ನಮ್ಮ ಗೇಟಿನ ಒಳಗೆ. ಹಿಂದೆ ಮಣ್ಣಿನ ಮೋರಿ ಇದ್ದಾಗ ಸ್ವಲ್ಪವಾದರೂ ನೆಲಕ್ಕೆ ಇಂಗುತ್ತಿತ್ತು.

ರಸ್ತೆಯದ್ದು ಇನ್ನೊಂದು ಗೋಳು. ಡಾಂಬರು ಹಾಕಿದರು, ಆಮೇಲೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಪೈಪಿಗೆ ಅಂತ ಅದನ್ನೇ ಕತ್ತರಿಸಿದರು. ಮುಚ್ಚಿದ ಮಣ್ಣನ್ನು ಸರಿಯಾಗಿ ಗಟ್ಟಿ ಮಾಡಲಿಲ್ಲ, ಮಳೆಗೆ ಕುಸಿಯಿತು. ಪೈಪು ಮೊದಲು, ಚರಂಡಿ ಆಮೇಲೆ, ಡಾಂಬರು ಕೊನೆಗೆ. ಇದು ಯಾವ ಮೇಸ್ತ್ರಿಗೂ ಗೊತ್ತಿರುವ ಕ್ರಮ.

ಪಕ್ಕದ ಮನೆ ಅಜ್ಜಿ ಚರಂಡಿ ಮೇಲಿನ ಹಲಗೆ ದಾಟಲು ಹೆದರಿ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ನನಗೆ ಜಾಸ್ತಿ ಸಿಟ್ಟು ಬರುವುದು ಅದಕ್ಕೇ.

ಕೆಲಸ ಬೇಡ ಅಂತ ಯಾರೂ ಹೇಳುತ್ತಿಲ್ಲ. ಕೆಳಗಿನ ಚರಂಡಿ ಮೊದಲು ಮುಗಿಸಿ. ತೆರೆದ ಗುಂಡಿಗೆ ರಾತ್ರಿಯೂ ಕಾಣುವಂತೆ ಅಡ್ಡ ಕಟ್ಟಿ. ಎರಡನೇ ಹಂತ ಯಾವ ತಿಂಗಳು ಅಂತ ರಸ್ತೆ ತುದಿಯಲ್ಲಿ ಬೋರ್ಡ್ ಹಾಕಿ.