ಗಮ್‌ಬೂಟ್ ಎಲ್ಲಿ ಬಿಚ್ತೀಯ?

ಪಕ್ಕದ ತೋಟದ ಹುಡುಗ ಮೊನ್ನೆ ಮೊಬೈಲಿನಲ್ಲಿ ಮನೆ ಪ್ಲಾನ್ ತೋರಿಸಿದ. "ಹೇಗಿದೆ ಆಂಟಿ?" ಡಬಲ್ ಹೈಟ್ ಹಾಲ್, ಓಪನ್ ಕಿಚನ್, ಮೇಲೆ ಮೂರು ಬೆಡ್‌ರೂಮ್. ನಾನು ಕೇಳಿದ್ದು ಒಂದೇ. "ಜುಲೈನಲ್ಲಿ ತೋಟದಿಂದ ಬಂದರೆ ಗಮ್‌ಬೂಟ್ ಎಲ್ಲಿ ಬಿಚ್ತೀಯ?" ಪಾಪ, ದೊಡ್ಡದು ಮಾಡಿ ಹುಡುಕಿದ. ಜಾಗ ಸಿಗಲಿಲ್ಲ.

ನಾನು ನಗಲಿಲ್ಲ. ನಮ್ಮ ಮನೆಯಲ್ಲೂ ಆ ಜಾಗ ಇಲ್ಲ. ಮಡಿಕೇರಿ ಹತ್ತಿರ ಮನೆ ಕಟ್ಟಿಸುವಾಗ ಬೆಂಗಳೂರಿನ 30-40 ಸೈಟಿನ ಪ್ಲಾನ್ ತಂದು ಕೂರಿಸಿದೆವು. ಬಾಗಿಲು ತೆಗೆದರೆ ನೇರ ಹಾಲ್. ಕೊಡೆ, ರೈನ್‌ಕೋಟು, ಜಿಗಣೆ ಎಲ್ಲಾ ಸೋಫಾದವರೆಗೆ ಬರುತ್ತವೆ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಬೇಕು ಅಂತ ಹಠ ಹಿಡಿದವಳು ನಾನೇ, ಬೆಟ್ಟ ಕಾಣಲಿ ಅಂತ. ಇಲ್ಲಿ ಮುಂಗಾರು ಬೀಸುವುದೂ ಆ ಕಡೆಯಿಂದಲೇ. ಜೂನ್ ಬಂದರೆ ಎರಚಲು ಹೊಡೆದು ಗೋಡೆಯೆಲ್ಲ ಒದ್ದೆ. ಬೆಟ್ಟವಂತೂ ಮಂಜಿನಲ್ಲಿ ಕಾಣಿಸೋದೇ ಇಲ್ಲ! ಆರ್‌ಸಿಸಿ ತಾರಸಿ ಸೋರಿ, ಮೂರನೇ ಮಳೆಗಾಲಕ್ಕೆ ಮೇಲೊಂದು ಶೀಟ್ ಹಾಕಿಸಿದೆವು. ಒಂದು ಮನೆ, ಎರಡು ಸೂರಿನ ಖರ್ಚು.

ಬಟ್ಟೆ ಒಣಗಿಸೋದರ ಬಗ್ಗೆ ಯಾವ ಪ್ಲಾನಿನಲ್ಲೂ ಒಂದು ಗೆರೆ ಇರೋದಿಲ್ಲ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಊಟದ ಕುರ್ಚಿಗಳ ಮೇಲೆ ಪಂಚೆ, ಸ್ವೆಟರ್. ಹಂಡೆ ಒಲೆಯ ಪಕ್ಕ ಒಂದು ಸಣ್ಣ ಕೋಣೆ ಇದ್ದಿದ್ದರೆ ಸಾಕಿತ್ತು.

ಕೊಡವರ ಹಳೆಯ ಐನ್‌ಮನೆಗಳನ್ನು, ಅಂದರೆ ಮನೆತನದ ಮೂಲ ಮನೆಗಳನ್ನು ನೋಡಿ. ಮುಂದೆ ಕೈಯಾಲೆ ಅನ್ನೋ ಜಗಲಿ, ಕಂಬಗಳ ನಡುವೆ ಕೂರಲು ಐಮರದ ಹಲಗೆ, ಅದನ್ನು ದಾಟಿದ ಮೇಲೇ ಒಳಗಿನ ನಡುಮನೆ, ನೆಲ್ಲಕ್ಕಿ ನಡುಬಾಡೆ. ಒದ್ದೆಯಾಗಿ ಬಂದವರು ಹೊರಗೇ ಒಣಗುತ್ತಾರೆ, ಅಲ್ಲೇ ಕಾಫಿ, ಅಲ್ಲೇ ಪಂಚಾಯಿತಿ. ಹಾಗಂತ ಐನ್‌ಮನೆಯನ್ನೇ ನಕಲು ಮಾಡಿ ಅನ್ನಲ್ಲ. ಅದು ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ ಕಟ್ಟಿದ್ದು. ಮಕ್ಕಳು ಬೆಂಗಳೂರು ಸೇರಿ, ಇಬ್ಬರೇ ಉಳಿದ ನಮ್ಮಂಥವರಿಗೆ ಅಷ್ಟು ಕೋಣೆ ಯಾಕೆ? ನಮ್ಮ ಮಹಡಿಯ ಕೋಣೆಗಳು ತೆರೆಯೋದು ಸುಗ್ಗಿ ಹಬ್ಬ ಪುತ್ತರಿಗೆ. ಉಳಿದ ದಿನ ಹಾಸಿಗೆಗೆ ಬೂಷ್ಟು.

ಜಾಗದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಪ್ಲಾನನ್ನು ಇಳಿಜಾರಿಗೆ ಹೊಂದಿಸೋ ಬದಲು ಜೆಸಿಬಿ ತರಿಸಿ ಗುಡ್ಡವನ್ನೇ ಪ್ಲಾನಿಗೆ ಹೊಂದಿಸ್ತೀವಿ. ಹಿಂದೆ ಮಣ್ಣು ಕಡಿದ ಆಳೆತ್ತರದ ಬರೆ, ಅದಕ್ಕೆ ಒತ್ತಿಕೊಂಡು ಅಡುಗೆಮನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ನೋಡಿದ ಮೇಲೂ! ಮನೆಯನ್ನು ಇಳಿಜಾರಿನ ಜೊತೆಗೇ ಎರಡು ಮಟ್ಟದಲ್ಲಿ ಇಳಿಸಿದರೆ ಮಣ್ಣು ಕಡಿಯೋದು ಕಮ್ಮಿ. ಮೇಲಿನ ನೀರು ಹರಿದು ಹೋಗೋಕೆ ಸುತ್ತ ಚರಂಡಿ ಬೇಕು. ಆದರೆ ಒಂದು ಮಲಗುವ ಕೋಣೆ, ಒಂದು ಬಚ್ಚಲು ಬಾಗಿಲಿನ ಮಟ್ಟದಲ್ಲೇ ಇರಲಿ. ಮಂಡಿ ನೋವಿರುವ ನಾನು ಹೇಳೋ ಮಾತಿದು.

ಹುಡುಗ ನಿನ್ನೆ ಮತ್ತೆ ಬಂದಿದ್ದ. ಮುಂದೆ ಅಗಲ ಜಗಲಿ, ಇಳಿಜಾರು ಹೆಂಚಿನ ಮಾಡು, ಒಂದು ಬೆಡ್‌ರೂಮ್ ಕೆಳಗೆ. ಡಬಲ್ ಹೈಟ್ ಹಾಲ್ ಮಾತ್ರ ಬಿಟ್ಟಿಲ್ಲ. ಹೆಂಡತಿಗೆ ಇಷ್ಟವಂತೆ. ಜೇಡರ ಬಲೆ ತೆಗೆಯೋಕೆ ಉದ್ದದ ಏಣಿ ನಮ್ಮಲ್ಲಿದೆ, ಬೇಕಾದಾಗ ಬಂದು ತಗೊಂಡು ಹೋಗು ಅಂದೆ.