ನಮ್ಮ ಕಡೆ ಹುಡುಗಿಗೆ ಇದೆಲ್ಲ ಯಾಕಂತೆ

ನಿನ್ನೆಯಿಂದ ತಲೆ ಕಾದಿದೆ. ಬರೆಯದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಬೀದರಿನಲ್ಲಿ ಒಂದು ಕಡೆ ಪಿಎಚ್‌ಡಿ ವಿಷಯ ಮಂಡನೆ ಇತ್ತು. ಹಿಂದಿನ ಸಾಲಿನಲ್ಲಿ ನಾನೂ ಕೂತಿದ್ದೆ. ರಾಜ್ಯಶಾಸ್ತ್ರದ ಹುಡುಗಿ, ಔರಾದ್ ಕಡೆಯವಳು. ಭಾರತ ಹೊರದೇಶಗಳಿಂದ ಶಸ್ತ್ರ ಹೇಗೆ ಕೊಳ್ಳುತ್ತೆ, ಸಂಸತ್ತು ಅದನ್ನು ಎಷ್ಟು ಕೇಳುತ್ತೆ ಅನ್ನೋದು ಅವಳ ವಿಷಯ. ಎರಡನೇ ಹಾಳೆ ತಿರುವುವಷ್ಟರಲ್ಲಿ ಒಬ್ಬರು ತಡೆದರು. "ನಮ್ ಕಡಿ ಹುಡುಗಿಗಿ ಇದೆಲ್ಲಾ ಯಾಕ್ ಬೇಕವಾ? 371ಜೆ ಮ್ಯಾಲ ಮಾಡು, ಇಲ್ಲಾ ಪಂಚಾಯ್ತಿ ಮ್ಯಾಲ ಮಾಡು." 371ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ. ಉಳಿದವರು ನಕ್ಕರು.

ಅವಳು ಉತ್ತರ ಕೊಡಬೇಕು, ಅಷ್ಟರಲ್ಲಿ ಮೇಲೆ ವಿಮಾನ ಹೋಯಿತು. ಬೀದರಿನವರಿಗೆ ಗೊತ್ತು, ವಾಯುಪಡೆಯ ತರಬೇತಿ ವಿಮಾನ ಹಾಕ್ ಹೋದರೆ ಮಾತೇ ಕೇಳಿಸಲ್ಲ. ಕಿಟಕಿ ಗಾಜು ಗಡಗಡ ಅಂದಿತು. ಎಲ್ಲರೂ ಸುಮ್ಮನೆ ಕಾದರು. ಸದ್ದು ನಿಂತ ಮೇಲೆ ಮತ್ತೆ ಪಂಚಾಯ್ತಿ ಮಾತು ಶುರು.

ಆ ವಿಮಾನವೇ ಅವಳ ವಿಷಯ ಅಲ್ವಾ? ಸುಮಾರು ಎರಡು ದಶಕ ಎಳೆದಾಡಿ, 2004ರಲ್ಲಿ ಬ್ರಿಟನ್ ಕಂಪನಿ ಜೊತೆ 66 ಹಾಕ್‌ಗೆ ಒಪ್ಪಂದ ಆಯಿತು. 24 ಅಲ್ಲಿಂದಲೇ ತಯಾರಾಗಿ, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅಂತ. ಅದೆಲ್ಲ ಬಂದು ಇಳಿದದ್ದು ನಮ್ಮೂರಿನ ಮೇಲೆ. ಅದನ್ನು ಕೇಳುವ ಹಕ್ಕು ಮಾತ್ರ ನಮ್ಮ ಹುಡುಗಿಗೆ ಇಲ್ಲ!

ಇವತ್ತಿನ ಮಾತೂ ಅಲ್ಲ ಇದು. 15ನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆ ಹಿಡಿದುಕೊಂಡು ಈ ಕಡೆ ಬಂದ. ಕೊನೆಗೆ ಅದನ್ನು ಮಾರಿದ್ದು ಬೀದರಿನಲ್ಲಿ. ಆ ಕಾಲಕ್ಕೆ ಕುದುರೆ ಅಂದರೆ ಶಸ್ತ್ರವೇ. ಬಹಮನಿಗಳೂ ವಿಜಯನಗರದವರೂ ಅದಕ್ಕಾಗಿ ಕಡಲಾಚೆಗೆ ಹಣ ಸುರಿದರು. ಬಹಮನಿಗಳ ಮಂತ್ರಿಯಾದ ಮಹಮೂದ್ ಗವಾನ್ ಕೂಡ ಇಲ್ಲಿಗೆ ಬಂದದ್ದು ವ್ಯಾಪಾರಿಯಾಗಿ. ಅವನು ಕಟ್ಟಿಸಿದ ಮದರಸಾ ಮುಂದೆ ನಿಂತು ನೋಡಿ. ಒಂದೇ ಮಿನಾರು ಉಳಿದಿದೆ. ಔರಂಗಜೇಬನ ಕಾಲದಲ್ಲಿ ಒಳಗೆ ತುಂಬಿಟ್ಟ ಮದ್ದು ಸಿಡಿದು ಓದುವ ಮನೆಯ ಒಂದು ಮಗ್ಗುಲೇ ಹೋಯಿತು. ಇದನ್ನು ದಿನಾ ನೋಡಿ ಬೆಳೆದವಳು ಶಸ್ತ್ರದ ಬಗ್ಗೆ ಕೇಳದೆ ಇನ್ಯಾರು ಕೇಳಬೇಕು?

"ಅದೆಲ್ಲ ಗುಟ್ಟಿನ ವ್ಯವಹಾರ, ಮಾಹಿತಿ ಎಲ್ಲಿ ಸಿಗುತ್ತೆ?" ಅಂತ ಇನ್ನೊಬ್ಬರು ಕೇಳಿದರು. 1966ರಲ್ಲಿ ಶುರುವಾದ ಸ್ವೀಡನ್ನಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಈ ಲೆಕ್ಕ ಇಡುತ್ತಿದೆ. ಎಲ್ಲಿಂದ? ಪತ್ರಿಕೆ, ಬಜೆಟ್, ಸಂಸತ್ತಿನ ಉತ್ತರಗಳಿಂದ. ಗುಟ್ಟಿನ ಕಾಗದ ಒಂದೂ ಇಲ್ಲ. ಅವರ ಲೆಕ್ಕದಲ್ಲಿ 2020ರಿಂದ 2024ರವರೆಗೆ ಶಸ್ತ್ರ ಆಮದಿನಲ್ಲಿ ಉಕ್ರೇನ್ ಬಿಟ್ಟರೆ ನಾವೇ. ಆ ಹೊತ್ತಿಗೆ ರಷ್ಯಾದಿಂದ ಬರುವ ಪಾಲು ಶೇ. 72ರಿಂದ ಶೇ. 36ಕ್ಕೆ ಇಳಿದಿತ್ತು, ಹತ್ತೇ ವರ್ಷದಲ್ಲಿ. ಈ ಸಂಸ್ಥೆ ಕಟ್ಟಲು ದುಡಿದ ಆಲ್ವಾ ಮಿರ್ಡಾಲ್ ಅದಕ್ಕೂ ಮುಂಚೆ ದೆಹಲಿಯಲ್ಲಿ ರಾಯಭಾರಿ ಆಗಿದ್ದವರು. 1982ರಲ್ಲಿ ಶಾಂತಿ ನೊಬೆಲ್ ಹಂಚಿಕೊಂಡರು. ಇವೆಲ್ಲ ಆ ಹುಡುಗಿಯ ಹಾಳೆಯಲ್ಲೇ ಇದ್ದವು. ಓದಲು ಬಿಡಬೇಕಲ್ಲ!

ನನಗೆ ಯಾಕೆ ಇಷ್ಟು ಸಿಟ್ಟು ಅಂತ ಗೆಳೆಯರು ಕೇಳಬಹುದು. ಇದುವರೆಗೆ ಹೇಳಿಲ್ಲ, ಈಗ ಹೇಳ್ತೀನಿ. ಬೋಫೋರ್ಸ್ ತೋಪು ಖರೀದಿಯಲ್ಲಿ ಲಂಚ ಅಂತ ಗದ್ದಲ ಎದ್ದ ದಿನಗಳಲ್ಲಿ ನಾನು ಕಲಬುರಗಿಯಲ್ಲಿ ಓದುತ್ತಿದ್ದೆ. 410 ತೋಪುಗಳ ಆ ಒಪ್ಪಂದದ ಸುದ್ದಿಗಳನ್ನೆಲ್ಲ ಕತ್ತರಿಸಿ ಹಳೇ ಲೆಡ್ಜರಿನಲ್ಲಿ ಅಂಟಿಸಿದ್ದೆ. ಅದರ ಮೇಲೇ ಪಿಎಚ್‌ಡಿ ಮಾಡಬೇಕು ಅಂತ ಆಸೆ. ನನಗೂ ಇದೇ ಮಾತು ಹೇಳಿದರು. ನಾನು ತಲೆ ತಗ್ಗಿಸಿ ತಾಲ್ಲೂಕು ಪಂಚಾಯ್ತಿ ಮೇಲೆ ಬರೆದೆ. ಪಂಚಾಯ್ತಿ ಕೀಳು ವಿಷಯ ಅಲ್ಲ, ನನ್ನ ಅನ್ನ ಅದೇ. ಆದರೆ ಅದು ನಾನು ಆರಿಸಿದ್ದಲ್ಲ. ಲೆಡ್ಜರು ಇನ್ನೂ ಟ್ರಂಕಿನಲ್ಲಿದೆ. ಗೋಂದು ಒಣಗಿ ತುಣುಕುಗಳು ಉದುರುತ್ತಿವೆ.

ನಿನ್ನೆ ಹೊರಗೆ ಬಂದ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಸರ್, ವಿಷಯ ಬದಲಿಸಲಾ?" ಬೇಡ ಅಂದೆ. ಮುಂದಿನ ತಿಂಗಳು ಮತ್ತೆ ಮಂಡನೆ ಇದೆ. ಈ ಸಲ ಮೊದಲ ಸಾಲಿನಲ್ಲಿ ಕೂರ್ತೀನಿ. ಬೀದರಿನಲ್ಲಿ ಇರುವ ಗೆಳೆಯರು ದಯವಿಟ್ಟು ಬನ್ನಿ.